ಸ್ಥಳಾವಕಾಶ ಸಾಕಷ್ಟಿದೆ

ಆಲೂರು
೧೨ ಆಗಸ್ಟ್ ೨೦೦೪

ಪ್ರೀತಿಯ ಜೇಬಾಳಿಗೆ ಸುಮಿತ್ರಮ್ಮ ಟೀಚರ್ ಮಾಡುವ ಆಶೀರ್ವಾದಗಳು.

ನಿಮ್ಮ ಕನ್ನಡ ಕಂಪ್ಯೂಟರ್ ಬಳಗದ ಜುಲೈ ಸುತ್ತೋಲೆ ತಲುಪಿತು. ಪಾಳ್ಯದ ಮಹಿಳಾ ಸಂಘದ ಕಂಪ್ಯೂಟರಿನಲ್ಲಿ ನಡೆದುದರ ಬಗ್ಗೆ ಅದರಲ್ಲಿ ಬಂದಿರುವ ವರದಿ ತಪ್ಪು. "ಅನುಸ್ಥಾಪನೆಯ ನಡುವೆ ವಿದ್ಯುತ್ ಕಡಿತಗೊಂಡದ್ದರಿಂದಲೂ ಬಳಕೆದಾರರ ಅಜಾಗರೂಕತೆಯಿಂದಲೂ ಕೆಲವು ಕಡತಗಳು ನಷ್ಟವಾದವು" ಎಂದು ಅಚ್ಚು ಮಾಡಿದ್ದೀರಿ. ವಿದ್ಯುತ್ ಹೋಗಿರಲಿಲ್ಲ. ಸಂಘದ ಗೋಡೆಗೆ ಅಂಟಿಕೊಂಡಿರುವ ಹಿಟ್ಟಿನ ಗಿರಣಿ ಅಷ್ಟು ಹೊತ್ತೂ ಓಡುತ್ತಲೇ ಇತ್ತು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದೆ ನಾವು ಕೈಸನ್ನೆ ಮಾಡುತ್ತಿದ್ದೆವು. ಅಜಾಗರೂಕತೆಯೂ ಇರಲಿಲ್ಲ. ನಾನು ಅಲ್ಲೇ ಇದ್ದೆ.

ನಡೆದದ್ದು ಇಷ್ಟು. ನೀವು ಪರೀಕ್ಷೆಗೆಂದು ಕಳುಹಿಸಿದ ಕನ್ನಡ ಆಪರೇಟಿಂಗ್ ಸಿಸ್ಟಮ್ಮಿನ ಸಿ.ಡಿ.ಯನ್ನು ಸಂಘದ ತನುಜಾ ಯಂತ್ರಕ್ಕೆ ಹಾಕಿದಳು. ಅದು ಮೊದಲು ಡಿಸ್ಕಿನಲ್ಲಿ ಖಾಲಿ ಜಾಗ ಎಷ್ಟಿದೆಯೆಂದು ಲೆಕ್ಕ ಹಾಕುತ್ತದೆ, ಹಳೆಯದನ್ನೆಲ್ಲ ಒಂದು ಪಕ್ಕಕ್ಕೆ ಒತ್ತರಿಸುತ್ತದೆ, ಉಳಿದ ಕಡೆ ತಾನು ಕೂರುತ್ತದೆ ಎಂದು ನೀನೇ ವಿವರಿಸಿದ್ದೆ. ಆದರೆ ಆ ಡಿಸ್ಕಿನಲ್ಲಿ ಜಾಗವೇ ಇರಲಿಲ್ಲ. ಹಿಂದಿನ ವಾರವಷ್ಟೇ ತನುಜಾ, "ಟೀಚರ್, ಇದ್ರಲ್ಲಿ ಇನ್ನೊಂದ್ ಹಾಡು ಹಿಡಿಯಾಕಿಲ್ಲ ಕಣ್ರೀ, ತುಂಬ್ಕೊಂಡ್ಬುಟ್ಟೈತೆ" ಎಂದು ಗೊಣಗಿದ್ದಳು. ಅಂಥ ಡಿಸ್ಕಿನ ಮುಕ್ಕಾಲು ಪಾಲು ಖಾಲಿ ಎಂದು ಪರದೆ ತೋರಿಸಿತು. ಕೆಳಗೆ ಬರೆದಿತ್ತು: "ಸ್ಥಳಾವಕಾಶ ಸಾಕಷ್ಟಿದೆ. ಮುಂದುವರಿಸಬಹುದು."

ಆ ವಾಕ್ಯ ನನ್ನದು. ನೀವು "ಮುಂದುವರೆಸಬಹುದು" ಎಂದು ಬರೆದಿದ್ದುದನ್ನು ನಾನೇ ತಿದ್ದಿಕೊಟ್ಟಿದ್ದೆ. ಅದರಲ್ಲಿ ಈಗ ವ್ಯಾಕರಣದೋಷವಿಲ್ಲ. ಅದು ಸುಳ್ಳು ಎಂಬುದೊಂದೇ ದೋಷ.

ಕೆಲಸ ಮುಗಿದ ಮೇಲೆ ನೋಡಿದರೆ ಪಾಳ್ಯದ ಹೆಂಗಸರು ಹಾಡಿದ ನಾಟಿಪದಗಳು, ಸೋಬಾನೆಗಳು ಹೆಚ್ಚುಕಡಿಮೆ ಎಲ್ಲವೂ ಹೋಗಿದ್ದವು. ಉಳಿದದ್ದು ಯಾವುವು ಎಂಬುದನ್ನು ಗಮನವಿಟ್ಟು ಓದು. ನಾನಿಲ್ಲದ ದಿನಗಳಲ್ಲಿ ತನುಜಾ ಸೋಮಾರಿತನದಿಂದ ಇಂಗ್ಲಿಷಿನಲ್ಲಿ ಹೆಸರಿಟ್ಟಿದ್ದ ಕಡತಗಳಷ್ಟೇ ಉಳಿದಿವೆ. ನನ್ನ ಮಾತಿನಂತೆ ಕನ್ನಡದಲ್ಲಿ ಹೆಸರಿಟ್ಟವು ಒಂದೂ ಇಲ್ಲ. ಇದು ಕಾಕತಾಳೀಯವೋ ಅಲ್ಲವೋ, ಹೇಳಬೇಕಾದವಳು ನೀನು. ಸ್ಥಳದ ಲೆಕ್ಕ ಹಾಕುವ ಭಾಗವನ್ನು ಬರೆದವಳು ನೀನೇ ಎಂದು ಸುತ್ತೋಲೆಯ ಮೊದಲ ಪುಟದಲ್ಲೇ ಇದೆ.

ಹಾಡಿದ ತಾಯಮ್ಮನಿಗೆ ವಿಷಯ ತಿಳಿಸಿದೆ. "ಅಯ್ಯೋ ಬುಡಿ ಟೀಚರಮ್ಮ, ಗಂಟ್ಲೇನು ಹೋಗೈತಾ? ಇನ್ನೊಂದ್ ಕಿತ ಹಾಡಿದ್ರಾಯ್ತು" ಎಂದು ನಕ್ಕಳು. ಅವಳಿಗೆ ಅದು ಸಾಧ್ಯ. ನಿನ್ನ ತಂದೆಗೆ ಸಾಧ್ಯವಿಲ್ಲ. ಅದಕ್ಕಾಗಿಯೇ ಈ ಪತ್ರ.

ತಿಂಗಳ ಕೊನೆಗೆ ಮಂಗಳೂರಿನಲ್ಲಿ ಅಬ್ದುಲ್ ಸತ್ತಾರ್ ಅವರ ಧ್ವನಿಪೆಟ್ಟಿಗೆಯನ್ನು ತೆಗೆಯುತ್ತಾರೆಂದು ನಿನಗೆ ಗೊತ್ತಿದೆ. ಬಾಳ್ಳುಪೇಟೆಯ ಲಾರಿ ಬುಕಿಂಗ್ ಆಫೀಸಿನಲ್ಲಿರುವ ಕಂಪ್ಯೂಟರಿನಲ್ಲಿ ನಿನ್ನ ತಮ್ಮ ಮುಬಾರಕ್ ಅವರ ಮಾತನ್ನೆಲ್ಲ ಹಿಡಿದಿಡುತ್ತಿದ್ದಾನೆ. ಅವರು ಭತ್ತ ಅಳೆಯುವಾಗಿನ ಕೂಗು, ಗಿರಾಕಿಗಳಿಗೆ ಮಾಡುವ ತಮಾಷೆ, ನಿನ್ನ ತಾಯಿ ಜಹೀರಾರನ್ನು ಕರೆಯುವ ರೀತಿ. ಮೊದಲ ಕೊಳಗವನ್ನು "ಒಂದು" ಎನ್ನದೆ "ಲಾಭ" ಎನ್ನುವುದು ನಮ್ಮಲ್ಲಿ ಎಲ್ಲರ ರೂಢಿ. ಆದರೆ ತೋರುಬೆರಳೆತ್ತಿ ಅವರು "ಲಾಭಾ" ಎಂದು ಎಳೆದರೆ ಹೆದ್ದಾರಿಯ ಆಚೆಗಿನವರೂ ತಿರುಗಿ ನೋಡುತ್ತಿದ್ದರು. ನಿನಗೆಂದೇ ಒಂದು ಕಡತ ಇದೆ. ಅದನ್ನು ಅವರು ಬಾಗಿಲು ಹಾಕಿಕೊಂಡು ಮಾತನಾಡಿದ್ದಾರೆ. ನೀನು ಬಂದು ಕೇಳುವವರೆಗೆ ಬೇರೆಯವರು ಕೇಳಬಾರದೆಂದು ಆಣೆ ಹಾಕಿದ್ದಾರೆ. ಎಲ್ಲಕ್ಕೂ ಕನ್ನಡದಲ್ಲೇ ಹೆಸರಿಡಬೇಕೆಂದು ಮುಬಾರಕನಿಗೆ ತಾಕೀತು ಮಾಡಿದವಳು ನಾನು.

ಅವನು ಆ ಯಂತ್ರಕ್ಕೂ ನಿನ್ನ ಸಿ.ಡಿ. ಹಾಕುವವನಿದ್ದಾನೆ. ಅಷ್ಟರೊಳಗೆ ಉತ್ತರ ಬರೆ.

ಇಂತು,
ಸುಮಿತ್ರಮ್ಮ


ರಾಯಚೂರು
೨೩ ಆಗಸ್ಟ್ ೨೦೦೪

ಗೌರವಾನ್ವಿತ ಟೀಚರ್ ಅವರಿಗೆ ಜೇಬಾಳ ವಂದನೆಗಳು.

ಪಾಳ್ಯದಲ್ಲಿ ಆದದ್ದಕ್ಕೆ ನಿಜವಾಗಿಯೂ ಬೇಸರವಾಗಿದೆ. ವರದಿಯ ಮಾತುಗಳನ್ನು ಆರಿಸಿದ್ದು ಸಂಪಾದಕರು. ನಿಮ್ಮ ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸಿ.

ಲೆಕ್ಕದಲ್ಲಿ ಸ್ವಲ್ಪ ವ್ಯತ್ಯಾಸ ಬರುವುದು ಸಹಜ, ಟೀಚರ್. ಅಬ್ಬಾ ಹೇಳುವ, ಕೊಳಗದ ಬಾಯಿಗೆ ಸಮ ಮಾಡಿದ ತಲೆ ಹೊಡೆದ ಅಳತೆ, ಮೇಲೆ ರಾಶಿ ಏರಿಸಿದ ಗೋಪುರದ ಅಳತೆ ಇದ್ದ ಹಾಗೆ. ಡಿಸ್ಕ್ ತಯಾರಿಸುವವರು ಸಾವಿರಕ್ಕೆ ಒಂದು ಕೊಳಗ ಎಂದರೆ ಕಂಪ್ಯೂಟರು ಸಾವಿರದ ಇಪ್ಪತ್ತನಾಲ್ಕಕ್ಕೆ ಒಂದು ಎನ್ನುತ್ತದೆ. ಪಾಳ್ಯದ ಡಿಸ್ಕ್ ಹಳೆಯದು, ಕೆಟ್ಟಿರಲೂಬಹುದು. ನಮ್ಮ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಎಲ್ಲ ಯಂತ್ರಗಳಲ್ಲೂ ಪರೀಕ್ಷಿಸಿದ್ದೇವೆ, ಒಂದರಲ್ಲೂ ತೊಂದರೆಯಾಗಿಲ್ಲ.

ಸಿ.ಡಿ.ಗಳು ಅಚ್ಚಾಗಿ ಊರೂರಿನ ಕೇಂದ್ರಗಳಿಗೆ ಹೊರಟಿವೆ. ರಾಜ್ಯೋತ್ಸವದ ದಿನ ಎಲ್ಲ ಕಡೆ ಒಟ್ಟಿಗೆ ಹಾಕುತ್ತಾರೆ. ಪೆಟ್ಟಿಗೆಯ ಹಿಂದೆ "ಭಾಷಾಪರಿಶೀಲನೆ: ಸುಮಿತ್ರಮ್ಮ, ಆಲೂರು" ಎಂದಿದೆ. ನೋಡಿ ಸಂತೋಷಪಡುತ್ತೀರಿ ಎಂದುಕೊಂಡಿದ್ದೆ.

ಅಬ್ಬಾ ಫೋನಿನಲ್ಲಿ ಚೆನ್ನಾಗಿಯೇ ಮಾತಾಡುತ್ತಾರೆ. ರಾಜ್ಯೋತ್ಸವ ಮುಗಿಸಿ ಬರುತ್ತೇನೆ. ಅಲ್ಲಿಯವರೆಗೆ ನನ್ನ ಕಡತ ಕಾದಿರಲಿ.

ನಿಮ್ಮ ವಿದ್ಯಾರ್ಥಿನಿ,
ಜೇಬಾ


ಆಲೂರು
೪ ಸೆಪ್ಟೆಂಬರ್ ೨೦೦೪

ಜೇಬಾ,

ನನ್ನ ಮನಸ್ಸಿಗೆ ನೋವಾಗಿದೆಯೇ ಎಂಬುದು ಪ್ರಶ್ನೆಯಲ್ಲ. ತಲೆ ಹೊಡೆದ ಅಳತೆಗೂ ಗೋಪುರದ ಅಳತೆಗೂ ನಡುವಿನ ವ್ಯತ್ಯಾಸ ಒಂದು ಹಿಡಿ. ಎಷ್ಟೇ ಬಿಗಿ ಕೈಯಿಂದ ಅಳೆದರೂ ತುಂಬಿದ ಚೀಲ ಖಾಲಿ ಚೀಲವಾಗುವುದಿಲ್ಲ.

ನಿನ್ನ ತಂದೆಯ ಶಸ್ತ್ರಚಿಕಿತ್ಸೆ ಮುಗಿದಿದೆ. ಅವರು ಇನ್ನು ಮಾತನಾಡುವುದಿಲ್ಲ. ಹಿಂದಿನ ದಿನ ಅವರು ನಿನ್ನೊಡನೆ ಫೋನಿನಲ್ಲಿ ಎಷ್ಟು ಹೊತ್ತು ಮಾತನಾಡಿದರೋ ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಮೊನ್ನೆ ಬಾಳ್ಳುಪೇಟೆಗೆ ಹೋಗಿದ್ದೆ. ಮುಬಾರಕನಿಗೆ ಸಿ.ಡಿ. ಹಾಕಬೇಡವೆಂದು ಹೇಳಿದೆ. ಅವನ ಅವಸರಕ್ಕೆ ಕಾರಣವಿದೆ. "ಟೀಚರ್, ಅಬ್ಬಾಗೆ ಓದಾಕೆ ಬರೋದು ಕನ್ನಡ ಒಂದೇ. ಈ ಹಳೇದ್ರಲ್ಲಿ ಒಂದಕ್ಷರ ಹೊಡಿಯಾಕೆ ಹತ್ತು ಕೀಲಿ ಒತ್ಬೇಕು. ಜೇಬಾ ಆಪಾ ಮಾಡಿರೋದಾದ್ರೆ ನೆಟ್ಟಗೆ ಕನ್ನಡ ಮೂಡ್ತೈತೆ. ಮನೆಗೆ ಬಂದ್ಮೇಲೆ ಅವ್ರು ಮಾತಾಡೋದು ಇನ್ಮೇಲೆ ಹಿಂಗೇ ತಾನೆ?" ಎಂದ. ನಾನು ಪಾಳ್ಯದ ಕಥೆ ಹೇಳಿದೆ. "ಅದು ಕರೆಂಟ್ ಹೋಗಿ ಆಗಿದ್ದಂತಲ್ಲ, ಪೇಪರಲ್ಲೇ ಬಂದೈತೆ" ಎಂದು ನಿಮ್ಮ ಸುತ್ತೋಲೆಯನ್ನು ತೆಗೆದು ನನಗೇ ತೋರಿಸಿದ.

ನಿನಗೆ ಒಂದು ಮಾತು ಹೇಳುತ್ತೇನೆ. ನಾನು ಹುಟ್ಟಿದ ಊರು ಈಗ ಹಿನ್ನೀರಿನ ಕೆಳಗಿದೆ. ಮುಳುಗಡೆಗೆ ಮುಂಚೆ ಅಳತೆಯವರು ಬಂದು ಮನೆಗಳನ್ನು ಎಣಿಸಿದರು. ಬಾಗಿಲ ಮೇಲೆ ನಂಬರು ಇದ್ದ ಮನೆಗಳನ್ನು ಎಣಿಸಿದರು. ಊರಾಚೆಯ ಕೇರಿಯಲ್ಲಿ ಒಂದು ಬಾಗಿಲಿಗೂ ನಂಬರಿರಲಿಲ್ಲ. ಕಾಗದದಲ್ಲಿ ಅದು ಖಾಲಿ ಜಾಗವಾಯಿತು. ನೀರು ಏರಿ ಬಂದಾಗ ಗಿಡ್ಡಯ್ಯ ಎಂಬ ಮುದುಕ ಒಲೆಯ ಮುಂದೆ ಕುಳಿತೇ ಇದ್ದ. ತನಗೆ ಏಳು ಎಂದು ಯಾರೂ ಹೇಳಿಲ್ಲ ಎಂದ. ಅಳತೆಯವರು ದುಷ್ಟರಾಗಿರಲಿಲ್ಲ ಜೇಬಾ. ಅವರು ಕೂಡಿದ ಲೆಕ್ಕದಲ್ಲಿ ತಪ್ಪೂ ಇರಲಿಲ್ಲ.

ನಾನು ಕೇಳುವುದು ಒಂದೇ. ಕನ್ನಡದಲ್ಲಿ ಹೆಸರಿಟ್ಟ ದೊಡ್ಡ ಕಡತವೊಂದನ್ನು ಯಾವುದಾದರೂ ಯಂತ್ರದಲ್ಲಿಟ್ಟು, ನಿನ್ನ ಸಿ.ಡಿ. ಅದನ್ನು ಎಷ್ಟೆಂದು ಎಣಿಸುತ್ತದೆ ನೋಡು. ನೋಡಿ ಬರೆ.

ಸುಮಿತ್ರಮ್ಮ


ರಾಯಚೂರು
೧೫ ಸೆಪ್ಟೆಂಬರ್ ೨೦೦೪

ಟೀಚರ್ ಅವರಿಗೆ,

ಕೆಲಸದ ಒತ್ತಡದಲ್ಲಿ ಚುಟುಕಾಗಿ ಬರೆಯುತ್ತಿದ್ದೇನೆ. ಮತ್ತೊಮ್ಮೆ ಪರೀಕ್ಷಿಸಿದೆವು, ಎಲ್ಲವೂ ಸರಿಯಾಗಿದೆ. ಮುಬಾರಕನಿಗೂ ಫೋನ್ ಮಾಡಿ ಧೈರ್ಯವಾಗಿ ಹಾಕು ಎಂದು ಹೇಳಿದ್ದೇನೆ. ಪಾಪ, ಅವನಿಗೆ ಗೊಂದಲವಾಗಿತ್ತು.

ಅಬ್ಬಾಗೆ ಬೇಗ ಕನ್ನಡದಲ್ಲಿ ಟೈಪ್ ಮಾಡುವುದು ಕಲಿಸಿ. ಅವರ ಮೊದಲ ಸಾಲು ನನಗೇ ಬರಲಿ.

ಜೇಬಾ


ಆಲೂರು
೩೦ ಸೆಪ್ಟೆಂಬರ್ ೨೦೦೪

ಜೇಬಾ,

ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. "ಮತ್ತೊಮ್ಮೆ ಪರೀಕ್ಷಿಸಿದೆವು" ಎಂದಿದೆ. ಕನ್ನಡದ ಹೆಸರಿಟ್ಟು ಪರೀಕ್ಷಿಸಿದೆ ಎಂದಿಲ್ಲ. ಏಳನೆಯ ತರಗತಿಯಲ್ಲಿ ನೀನು ಕೇಳಿದ ಪ್ರಶ್ನೆಯೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಅಂದವಾಗಿ ಉತ್ತರ ಬರೆಯುತ್ತಿದ್ದೆ. ಆ ಅಭ್ಯಾಸ ಹೋಗಿಲ್ಲವೆಂದು ತೋರುತ್ತದೆ.

ಅಕ್ಟೋಬರ್ ಹತ್ತರ ಭಾನುವಾರ ನಿನ್ನ ತಂದೆ ಮಂಗಳೂರಿನಿಂದ ಮನೆಗೆ ಬರುತ್ತಾರೆ. ಅಂದೇ, ಅವರ ಎದುರಿಗೇ ಸಿ.ಡಿ. ಹಾಕುವುದಾಗಿ ಮುಬಾರಕ್ ನಿಶ್ಚಯಿಸಿದ್ದಾನೆ. ದೊಡ್ಡ ಅಕ್ಕನ ಮಾತಿನ ಮುಂದೆ ಟೀಚರ್ ಮಾತು ನಡೆಯಲಿಲ್ಲ. ಹಾಗಿದ್ದರೆ ಸತ್ತಾರರ ಧ್ವನಿಯನ್ನೆಲ್ಲ ಮೊದಲು ನಕಲು ಮಾಡು ಎಂದೆ. ಮಾಡಿದ್ದೇನೆ ಎಂದ. ಸ್ವಲ್ಪ ಸಮಾಧಾನವಾಯಿತು.

ಆದರೂ ಆ ದಿನ ನಾನು ಅಲ್ಲಿರುತ್ತೇನೆ. ನಿನ್ನ ಉತ್ತರ ಅದಕ್ಕೆ ಮುಂಚೆ ಬರಲಿ. ಪತ್ರವಾಗದಿದ್ದರೆ ಅವನಿಗೆ ಫೋನ್ ಮಾಡು. ಇದೊಂದು ವಿಷಯದಲ್ಲಿ ನಾನು ಫೋನನ್ನು ಆಕ್ಷೇಪಿಸುವುದಿಲ್ಲ.

ಸುಮಿತ್ರಮ್ಮ


ರಾಯಚೂರು
೬ ಅಕ್ಟೋಬರ್ ೨೦೦೪

ಟೀಚರ್,

ನೀವು ಹೇಳಿದ ಪರೀಕ್ಷೆಯನ್ನು ನಿನ್ನೆ ಮಾಡಿದೆ. ಸೆಪ್ಟೆಂಬರಿನಲ್ಲಿ ಮಾಡಿರಲಿಲ್ಲ.

ಲ್ಯಾಬಿನ ಒಂದು ಡಿಸ್ಕನ್ನು ತುಂಬಿಸಿ, ಎಲ್ಲ ಕಡತಗಳಿಗೂ ಕನ್ನಡದಲ್ಲಿ ಹೆಸರಿಟ್ಟೆ. ಸಿ.ಡಿ. ಅದನ್ನು ಖಾಲಿ ಎಂದಿತು. ನಾನು ಬರೆದ ಭಾಗ ಕಡತದ ಹೆಸರನ್ನು ಓದಲಾಗದಿದ್ದರೆ ಅದರ ಅಳತೆಯನ್ನು ಸೊನ್ನೆ ಎಂದುಕೊಂಡು ಮುಂದೆ ಹೋಗುತ್ತದೆ. ಕನ್ನಡದ ಹೆಸರು ಅದಕ್ಕೆ ಓದಲು ಬರುವುದಿಲ್ಲ. ಕನ್ನಡಕ್ಕಾಗಿಯೇ ಮಾಡಿದ ಸಿ.ಡಿ. ಟೀಚರ್. ನಮ್ಮ ಪರೀಕ್ಷೆಯ ಕಡತಗಳಿಗೆಲ್ಲ ಇಂಗ್ಲಿಷ್ ಹೆಸರಿತ್ತು. ಅದು ಯಾರಿಗೂ ಹೊಳೆಯಲಿಲ್ಲ.

ತಿದ್ದಿದ್ದೇನೆ. ತಿದ್ದಿದ ಸಿ.ಡಿ.ಯನ್ನು ಇದರೊಡನೆ ಕಳುಹಿಸುತ್ತಿದ್ದೇನೆ. ದಯವಿಟ್ಟು ಭಾನುವಾರಕ್ಕೆ ಮುಂಚೆ ಬಾಳ್ಳುಪೇಟೆಗೆ ಹೋಗಿ ಮುಬಾರಕನ ಮೇಜಿನ ಮೇಲಿರುವುದನ್ನು ತೆಗೆದು ಇದನ್ನಿಡಿ. ಎರಡೂ ನೋಡಲು ಒಂದೇ ತರಹ ಇವೆ. ಏಕೆಂದು ಅವನಿಗೆ ಹೇಳಬೇಡಿ. ಕೇಂದ್ರಗಳಿಗೂ ಹೀಗೆಯೇ "ಸುಧಾರಿತ ಆವೃತ್ತಿ" ಎಂದು ಕಳುಹಿಸಿಬಿಡುತ್ತೇವೆ. ಕಾರಣ ಬರೆದರೆ ಬಳಗದ ಇಷ್ಟು ವರ್ಷದ ಕೆಲಸವನ್ನು ಜನ ನಂಬುವುದಿಲ್ಲ.

ನಿನ್ನೆಯೇ ಫೋನ್ ಮಾಡಿದ್ದೆ. ಅಮ್ಮಿ ಎತ್ತಿಕೊಂಡರು. "ನಿಮ್ಮ ಅಬ್ಬಾ ಆಸ್ಪತ್ರೆಯಲ್ಲಿ ಎಲ್ಲರಿಗೂ ಕಾಗದದಲ್ಲಿ ಬರೆದು ತೋರಿಸ್ತಾವ್ರೆ, ನನ್ನ ಮಗಳು ನನಗೋಸ್ಕರ ಕಂಪ್ಯೂಟರ್ ಮಾಡವ್ಳೆ ಅಂತ" ಎಂದರು. ಆಮೇಲೆ, "ನಿನ್ ಕೆಲ್ಸ ಎಲ್ಲಾ ಚೆನ್ನಾಗೈತಾ?" ಎಂದು ಕೇಳಿದರು. ಎಲ್ಲಾ ಚೆನ್ನಾಗಿದೆ ಎಂದು ಹೇಳಿ ಇಟ್ಟುಬಿಟ್ಟೆ.

ಪಾರ್ಸೆಲ್ ಶನಿವಾರದೊಳಗೆ ಸಿಗುತ್ತದೆ ಎಂದು ಅಂಚೆಯವರು ಹೇಳಿದ್ದಾರೆ.

ಜೇಬಾ


ಆಲೂರು
೧೪ ಅಕ್ಟೋಬರ್ ೨೦೦೪

ಜೇಬಾ,

ನಿನ್ನ ಪಾರ್ಸೆಲ್ ನಿನ್ನೆ, ಬುಧವಾರ, ತಲುಪಿತು.

ಭಾನುವಾರ ಏನಾಯಿತೆಂದು ಮುಬಾರಕ್ ಫೋನಿನಲ್ಲಿ ಹೇಳಿರಬಹುದು. ಅವನು ಅಳುತ್ತಿದ್ದುದರಿಂದ ಕ್ರಮವಾಗಿ ಹೇಳಿರಲಾರ. ಆದ್ದರಿಂದ ಬರೆಯುತ್ತಿದ್ದೇನೆ.

ಮಧ್ಯಾಹ್ನದ ಊಟವಾದ ಮೇಲೆ ಎಲ್ಲರೂ ಬುಕಿಂಗ್ ಆಫೀಸಿನಲ್ಲಿ ಸೇರಿದೆವು. ನಿನ್ನ ತಂದೆ ಕತ್ತಿಗೆ ಬಿಳಿಯ ಬಟ್ಟೆ ಸುತ್ತಿಕೊಂಡು, ಹೊಸ ಜುಬ್ಬಾ ತೊಟ್ಟು ಕುರ್ಚಿಯಲ್ಲಿ ಕುಳಿತಿದ್ದರು. ಬಹಳ ಇಳಿದುಹೋಗಿದ್ದಾರೆ. ನೀನು ಬರುವಾಗ ಅದನ್ನು ಮುಖದಲ್ಲಿ ತೋರಿಸಬೇಡ. ಪಕ್ಕದ ರಸಗೊಬ್ಬರದಂಗಡಿಯ ಚನ್ನಬಸವಯ್ಯನವರೂ ಬಂದು, "ಏನ್ ಸಾಬ್ರೇ, ಇಷ್ಟ್ ದಿನ ನೀವು ಮಾತಾಡ್ತಿದ್ರಿ, ನಾವು ಕೇಳ್ತಿದ್ವಿ. ಇನ್ನಾದ್ರೂ ನಾವ್ ಮಾತಾಡ್ಬೋದಾ?" ಎಂದರು. ನಿನ್ನ ತಂದೆ ಸದ್ದಿಲ್ಲದೆ, ಹೊಟ್ಟೆ ಕುಲುಕುವಂತೆ ನಕ್ಕರು.

ಮುಬಾರಕ್ ಸಿ.ಡಿ. ಹಾಕಿದ. ಪರದೆಯ ಮೇಲೆ ಲೆಕ್ಕ ಮೂಡಿತು. ಡಿಸ್ಕ್ ಹೆಚ್ಚುಕಡಿಮೆ ಪೂರ್ತಿ ಖಾಲಿ. ಚನ್ನಬಸವಯ್ಯನವರೇ ಕೇಳಿದರು: "ಅಲ್ಲ ಕಣೋ, ತಿಂಗ್ಳುಗಟ್ಲೆ ಅಷ್ಟೊಂದು ಮಾತು ತುಂಬ್ಸಿದ್ದೀಯ, ಎಲ್ಲಾ ಖಾಲಿ ಅಂತೈತಲ್ಲೋ ಇದು?"

ನಾನು ಎದ್ದು ನಿಂತು, "ನಿಲ್ಲಿಸು" ಎಂದೆ. ಪಾಳ್ಯದಲ್ಲೂ ಹೀಗೆಯೇ ತೋರಿಸಿತ್ತು, ಜೇಬಾಳ ಉತ್ತರ ಬರುವವರೆಗೆ ಮುಟ್ಟಬೇಡ ಎಂದೆ.

"ಟೀಚರ್, ಆಪಾನೇ ಮೊನ್ನೆ ಫೋನ್ ಮಾಡಿದ್ಲಲ್ಲ! ಎಲ್ಲಾ ಚೆನ್ನಾಗೈತೆ ಅಂದ್ಲಂತೆ. ಹೌದೋ ಅಲ್ವೋ ಅಮ್ಮಿ?" ಎಂದ ಮುಬಾರಕ್. ಜಹೀರಾ ಹೌದೆಂದು ತಲೆಯಾಡಿಸಿದರು. "ನಕಲೂ ಮಾಡೀನಿ ಅಂತ ಹೇಳ್ಲಿಲ್ವಾ? ಯಾಕ್ ಹಿಂಗೆ ಹೆದರ್ತೀರಾ?"

ಎಲ್ಲರೂ ನನ್ನ ಮುಖವನ್ನು ನೋಡುತ್ತಿದ್ದರು. ಮಗಳ ಕೆಲಸದ ಮೇಲೆ ಸಂಶಯಪಡುವ ಹೊರಗಿನವಳು ನಾನಾಗಿದ್ದೆ. ನಿನ್ನ ತಂದೆ ಕೈಯಾಡಿಸಿ ನನ್ನನ್ನು ಕೂರುವಂತೆ ಹೇಳಿದರು. ಸಿಟ್ಟಿನಿಂದಲ್ಲ, ಅಂಗಡಿಗೆ ಬಂದವರನ್ನು ಉಪಚರಿಸುವ ರೀತಿಯಲ್ಲಿ. ಆಮೇಲೆ ಮುಂದಕ್ಕೆ ಬಾಗಿ ಆ ವಾಕ್ಯವನ್ನು ಓದಿದರು. ತುಟಿಗಳು ಅಲ್ಲಾಡುತ್ತಿದ್ದವು. "ಸ್ಥಳಾವಕಾಶ ಸಾಕಷ್ಟಿದೆ. ಮುಂದುವರಿಸಬಹುದು." ತಪ್ಪಿಲ್ಲದ, ಸ್ವಚ್ಛವಾದ ಕನ್ನಡ.

ಕೀಲಿಯನ್ನು ಅವರೇ ಒತ್ತಲಿ ಎಂದು ಮುಬಾರಕ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದ. ನಿನ್ನ ತಂದೆ ತೋರುಬೆರಳನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಮೊದಲ ಕೊಳಗಕ್ಕೆ ಎತ್ತುತ್ತಿದ್ದ ಹಾಗೆಯೇ. ಬಾಯಿಂದ ಬಾರದ ಆ "ಲಾಭಾ" ನಮಗೆಲ್ಲ ಕೇಳಿಸಿತು. ಬೆರಳನ್ನು ಇಳಿಸಿ ಒತ್ತಿದರು.

ಸಂಜೆಯ ಹೊತ್ತಿಗೆ ಕೆಲಸ ಮುಗಿಯಿತು. ಹೊಸ ವ್ಯವಸ್ಥೆ ಚೆನ್ನಾಗಿಯೇ ಬಂತು, ಅಕ್ಷರಗಳು ಅಂದವಾಗಿವೆ. ಧ್ವನಿಗಳನ್ನು ಹುಡುಕಿದಾಗ ಇರಲಿಲ್ಲ. ಮುಬಾರಕ್, "ಹೆದ್ರ್ಬೇಡಿ, ನಕಲೈತೆ" ಎಂದು ಹುಡುಕತೊಡಗಿದ. ನಕಲನ್ನು ಅವನು ಅದೇ ಡಿಸ್ಕಿನಲ್ಲಿ, ಪಕ್ಕದಲ್ಲೇ ಇಟ್ಟಿದ್ದ. ಅದಕ್ಕೂ ಕನ್ನಡದಲ್ಲೇ ಹೆಸರಿಟ್ಟಿದ್ದ. ನನ್ನ ಮಾತನ್ನು ಅಷ್ಟು ಅಕ್ಷರಶಃ ಪಾಲಿಸಿದ ವಿದ್ಯಾರ್ಥಿ ಇನ್ನೊಬ್ಬನಿಲ್ಲ. ಮಾರನೆಯ ದಿನ ಹಾಸನದಿಂದ ಒಬ್ಬ ಮೆಕ್ಯಾನಿಕ್ ಬಂದು ನೋಡಿ, ಹಳೆಯದರ ಮೇಲೆಯೇ ಹೊಸದು ಕೂತಿದೆ, ಇನ್ನೇನೂ ಬರುವುದಿಲ್ಲ ಎಂದ. ನಿನಗಾಗಿ ಬಾಗಿಲು ಹಾಕಿಕೊಂಡು ಆಡಿದ ಮಾತೂ ಹೋಯಿತು. ಅದರಲ್ಲಿ ಏನಿತ್ತೆಂದು ನಾನು ನಿನ್ನ ತಂದೆಯನ್ನು ಕೇಳಲಿಲ್ಲ. ಮುಬಾರಕ್ ಕೇಳಿದ. ಅವರು ಕೀಲಿಮಣೆಯನ್ನು ಅವನ ಕಡೆಗೆ ಸರಿಸಿಬಿಟ್ಟರು. ಒಂದಕ್ಷರವನ್ನೂ ಹೊಡೆಯಲಿಲ್ಲ.

ಒಂದು ಕಡತ ಉಳಿದಿದೆ. ಮೊದಲ ದಿನ ಮೈಕು ಕೆಲಸ ಮಾಡುತ್ತದೆಯೇ ಎಂದು ನೋಡಲು ಮುಬಾರಕ್ ಹಿಡಿದದ್ದು. ನಾನು ತಾಕೀತು ಮಾಡುವುದಕ್ಕೆ ಮುಂಚಿನದಾದ್ದರಿಂದ ಇಂಗ್ಲಿಷಿನಲ್ಲಿ "ಟೆಸ್ಟ್" ಎಂದು ಹೆಸರಿಟ್ಟಿದ್ದ. ಅದರಲ್ಲಿ ಲಾರಿಯೊಂದು ಹಾದುಹೋಗುವ ಸದ್ದಿದೆ. ಆಮೇಲೆ ನಿನ್ನ ತಂದೆಯ ಧ್ವನಿ:

"ಕೇಳ್ಸ್ತೈತೇನೋ? ತಗಂತೈತಾ ಇದು? ಶುರು ಮಾಡ್ಲಾ?"

ಅಷ್ಟೇ. ಜಹೀರಾ ಅದನ್ನು ಪದೇ ಪದೇ ಹಾಕಿಸಿಕೊಂಡು ಕೇಳುತ್ತಾರೆ. ಪ್ರತಿ ಸಲವೂ "ಹೂಂ, ಮಾಡಿ" ಎನ್ನುತ್ತಾರೆ.

ಈಗ ನಿನ್ನ ಪಾರ್ಸೆಲ್ಲಿನ ವಿಷಯ. ಅದನ್ನು ನಾನು ಯಾರ ಮೇಜಿನ ಮೇಲೂ ಗುಟ್ಟಾಗಿ ಇಡುವುದಿಲ್ಲ. ನಿನ್ನ ಹಳೆಯ ಸಿ.ಡಿ. ಊರೂರಿನ ಕೇಂದ್ರಗಳಲ್ಲಿ ರಾಜ್ಯೋತ್ಸವಕ್ಕಾಗಿ ಕಾಯುತ್ತ ಕುಳಿತಿದೆ. ಕಡತಗಳಿಗೆ ಕನ್ನಡದಲ್ಲೇ ಹೆಸರಿಡಿ ಎಂದು ಆ ಕೇಂದ್ರಗಳಿಗೆಲ್ಲ ನಿಮ್ಮ ಸುತ್ತೋಲೆಯಲ್ಲಿ ಕರೆಕೊಟ್ಟವರು ನೀನು ಮತ್ತು ನಾನು. "ಸುಧಾರಿತ ಆವೃತ್ತಿ" ಎಂದರೆ ಯಾರೂ ಅವಸರ ಮಾಡುವುದಿಲ್ಲ, ಹಳೆಯದನ್ನೇ ಹಾಕುತ್ತಾರೆ. ಅದು ಅವರಿಗೂ ನನ್ನ ವಾಕ್ಯವನ್ನೇ ತೋರಿಸುತ್ತದೆ. ಅವರೂ ಒತ್ತುತ್ತಾರೆ.

ಆದ್ದರಿಂದ ಮುಂದಿನ ಸುತ್ತೋಲೆಗೆ ಕಾಯದೆ ಇಂದೇ ಅಚ್ಚು ಮಾಡಿ ಎಲ್ಲರಿಗೂ ಕಳುಹಿಸು: ಪಾಳ್ಯದಲ್ಲಿ ವಿದ್ಯುತ್ ಹೋಗಿರಲಿಲ್ಲ, ಲೆಕ್ಕ ತಪ್ಪಿತ್ತು, ಕನ್ನಡದ ಹೆಸರುಗಳನ್ನು ಅದು ಸೊನ್ನೆಯೆಂದು ಎಣಿಸುತ್ತದೆ, ಹಾಕಬೇಡಿ. ಕೆಳಗೆ ಬಾಳ್ಳುಪೇಟೆಯ ಘಟನೆಯನ್ನೂ, ಅದನ್ನು ಕಣ್ಣಾರೆ ಕಂಡವರ ಹೆಸರುಗಳನ್ನೂ ಹಾಕು. ಕನ್ನಡದಲ್ಲೇ ಹಾಕು, ಒಂದನ್ನೂ ಬಿಡಬೇಡ.

೧೦ ಅಕ್ಟೋಬರ್ ೨೦೦೪ರ ಭಾನುವಾರ, ಬಾಳ್ಳುಪೇಟೆಯ ಲಾರಿ ಬುಕಿಂಗ್ ಆಫೀಸಿನಲ್ಲಿ ಇದ್ದವರು:

ಮುಬಾರಕ್, ಸಿ.ಡಿ. ಹಾಕಿದವನು.
ಚನ್ನಬಸವಯ್ಯ, ಲೆಕ್ಕವನ್ನು ಪ್ರಶ್ನಿಸಿದವರು.
ಸುಮಿತ್ರಮ್ಮ, ವಾಕ್ಯವನ್ನು ತಿದ್ದಿದವಳು.
ಜಹೀರಾ, ಫೋನ್ ಎತ್ತಿಕೊಂಡವರು.
ಅಬ್ದುಲ್ ಸತ್ತಾರ್.